ಮಾವ ಆರಿಸಿದ ಸೊಟ್ಟ ಟೊಮೇಟೊ

ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ ಏನೋ, ಆ ಬೀದಿಗೆ ಮಾತ್ರ ಅವಳು ಹಲ್ಲಕ್ಕ. ಕಟ್ಟು ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವಳು ಅದಕ್ಕೆ ಪ್ಲಾಸ್ಟರು ಸುರಿದು, ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಒಸಡು ಕಟ್ಟಿ, ತೀಡಿ ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದಳು. ಬೀದಿಯ ಮುದುಕರಲ್ಲಿ ಅರ್ಧಕ್ಕರ್ಧ ಜನ ಬಾಯಿ ತುಂಬ ನಗುತ್ತಿದ್ದದ್ದು ಇವಳ ದಯೆಯಿಂದ. ಯಾರಾದರೂ ಎದುರು ನಿಂತು ಕಷ್ಟಸುಖ ಹೇಳಿಕೊಂಡರೆ ಇವಳ ಕಣ್ಣು ಅವರ ಕೋರೆಹಲ್ಲಿನ ಮೇಲೆ ಇರುತ್ತಿತ್ತು. ಕೆಟ್ಟ ಚಾಳಿ, ಬಿಡುವುದಕ್ಕಾಗುತ್ತಿರಲಿಲ್ಲ.

ಇಂಥವಳು ಕೈಯಾರೆ ಮಾಡಿಕೊಟ್ಟ ಹಲ್ಲನ್ನು ಸ್ವಂತ ಮಾವನೇ ಹಾಕಿಕೊಳ್ಳುವುದಿಲ್ಲ ಅಂದರೆ ಹೇಗಾಗಬೇಡ!

ಮಾವ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಆಯುಷ್ಯವೆಲ್ಲ ಬುಟ್ಟಿಗಳ ನಡುವೆ ಸ್ಟೂಲಿನ ಮೇಲೆ ನಿಂತು ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಮನೆಯವರು ಉಪ್ಪಿನ ಡಬ್ಬಿ ಹಿಡಿದು ಬರುವಂತಿದ್ದರು. ಹಲ್ಲು ಒಂದೊಂದಾಗಿ ಉದುರಿ ಬಾಯಿ ಬೋಳಾದಾಗ ಸೊಸೆ ತಾನೇ ಮುಂದೆ ನಿಂತು ಅಚ್ಚು ತೆಗೆಸಿದಳು. ಮಾಡಿದ್ದೂ ಎಂಥ ಸೆಟ್ಟು! ಊರಿಗೆಲ್ಲ ಮಾಡಿದ್ದು ಒಂದು ಲೆಕ್ಕ, ಮಾವನಿಗೆ ಮಾಡಿದ್ದೇ ಒಂದು ಲೆಕ್ಕ. ಮುಂದಿನ ಎರಡು ಹಲ್ಲನ್ನು ಬೇಕೆಂದೇ ಒಂಚೂರು ಓರೆ ಕೂರಿಸಿದ್ದಳು, ಹುಟ್ಟಿನಿಂದ ಬಂದದ್ದು ಅನ್ನಿಸಲಿ ಅಂತ. ಮಾವ ಕನ್ನಡಿ ಮುಂದೆ ನಿಂತು, "ಭೇಷ್! ಇನ್ನೊಂದು ಮದುವೆ ಮಾಡ್ಕೋಬಹುದು!" ಅಂದರು.

ಆಮೇಲೆ ಊಟಕ್ಕೆ ಕೂತರು. ಒಂದು ಟೊಮೇಟೊ ಹೋಳು ಬಾಯಿಗಿಟ್ಟುಕೊಂಡು ಎರಡು ಸಲ ಅಗಿದವರು ಮುಖ ಹಿಂಡಿದರು.

"ಯಾಕೆ ಮಾವ, ಒತ್ತುತ್ತಾ?"

"ಒತ್ತಲ್ಲ. ನೀರು ಅಗಿದ ಹಾಗಿದೆ."

ಬ್ರೆಡ್ಡು ಹತ್ತಿಯಂತಾಯಿತು, ಮೊಟ್ಟೆ ಸೋಪಿನಂತಾಯಿತು. ವಾರ ಕಳೆಯುವುದರೊಳಗೆ ಮಾವ ಸೆಟ್ಟನ್ನು ತೆಗೆದು ನೀರಿನ ಲೋಟಕ್ಕೆ ಹಾಕಿ, "ನಿನ್ನ ಹಲ್ಲು ನನ್ನ ಬಾಯಿಗೆ ಮುಚ್ಚಳ ಹಾಕಿಬಿಡ್ತಮ್ಮ," ಎಂದು ತೀರ್ಪು ಕೊಟ್ಟರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಎರಡೂ ಇದ್ದು ತಿನ್ನುವವರೇ ಇಲ್ಲದಂತಾಯಿತು. ಅಂದಿನಿಂದ ಗಂಜಿ, ಹಾಲು. ಅದೂ ಎರಡು ಚಮಚ ಕುಡಿದು ಬಟ್ಟಲು ದೂಡುತ್ತಿದ್ದರು. ಕೈಗಡಿಯಾರ ಮಣಿಕಟ್ಟಿನಿಂದ ಮೊಣಕೈವರೆಗೆ ಓಡಾಡತೊಡಗಿತು. ಧ್ವನಿಯೂ ಸಣ್ಣಗಾಯಿತು. ಡಾಕ್ಟರು ಎಲ್ಲ ತಪಾಸಣೆ ಮಾಡಿ, "ರೋಗ ಏನೂ ಇಲ್ಲ, ಊಟ ಮಾಡ್ಬೇಕು ಅಷ್ಟೇ. ಹೀಗೇ ಬಿಟ್ರೆ ಕಷ್ಟ," ಅಂದರು.

ಗಂಡ ಲಾರಿ ಓಡಿಸುವವನು. ಒಂದು ಟ್ರಿಪ್ಪಿಗೂ ಇನ್ನೊಂದಕ್ಕೂ ನಡುವೆ ಮನೆಗೆ ಬಂದಾಗ ಅಪ್ಪನನ್ನು ನೋಡಿ ಗಾಬರಿಯಾದ.

"ಇನ್ನೊಂದ್ಸಲ ಮಾಡಿ ನೋಡೇ. ಎಲ್ಲಾದ್ರೂ ತಪ್ಪಾಗಿರಬಹುದು."

"ನನ್ನ ಕೈಲಿ ತಪ್ಪಾಗಲ್ಲ," ಎಂದು ಸಿಡುಕಿದಳು. ಆದರೂ ಇನ್ನೊಂದು ಸೆಟ್ಟು ಮಾಡಿದಳು, ಅಂಗುಳಿನ ಭಾಗವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ತೀಡಿ. ಅದನ್ನೂ ಮಾವ ಲೋಟಕ್ಕೇ ಹಾಕಿದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡಳು. ಹೊರಗೆ ಸಿಟ್ಟು ಇದ್ದದ್ದು ನಿಜ. ಒಳಗೆ ಇದ್ದದ್ದು ಭಯ. ಮೇಲಿನ ಸೆಟ್ಟು ಅಂಗುಳನ್ನು ಮುಚ್ಚುತ್ತದೆ, ಅದು ಅವಳಿಗೂ ಗೊತ್ತು. ಹೊಸದರಲ್ಲಿ ಎಲ್ಲರೂ ಗೊಣಗುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ ಎಂದು ಇಷ್ಟು ವರ್ಷ ನಂಬಿದ್ದಳು. ಒಗ್ಗಿಕೊಳ್ಳುವುದಲ್ಲ, ಸುಮ್ಮನಾಗುವುದೋ? ಬೀದಿಯಲ್ಲಿ ನಗುವ ಅಷ್ಟೂ ಮುದುಕರು ನೀರು ಅಗಿಯುತ್ತಾ, ಹಲ್ಲಕ್ಕನಿಗೆ ಬೇಜಾರಾದೀತೆಂದು ಬಾಯಿ ಮುಚ್ಚಿಕೊಂಡಿದ್ದಾರೋ? ಹಾಗಿದ್ದರೆ ಇವಳ ಕೈ ಎಷ್ಟು ಬಾಯಿಗಳ ರುಚಿ ತಿಂದುಹಾಕಿದೆ! ಇತ್ತ ಮಾವ ದಿನದಿನಕ್ಕೂ ಸವೆಯುತ್ತಿದ್ದರು. ಅವರೇನಾದರೂ ಹೋಗಿಬಿಟ್ಟರೆ, ಹಲ್ಲಿನಿಂದಲೇ ಹೋದರು ಎಂದು ಯಾರೂ ಹೇಳದಿದ್ದರೂ ಇವಳಿಗೆ ಕೇಳಿಸುತ್ತಿತ್ತು.

ಒಂದು ದಿನ ಮಾವ ಬಿಟ್ಟ ಟೊಮೇಟೊ ಹೋಳನ್ನು ಬಿಸಾಡಲು ಹೋದವಳು ಹಾಗೇ ಬಾಯಿಗೆ ಹಾಕಿಕೊಂಡಳು. ಅಗಿದಳು. ನಿಂತಳು. ಇನ್ನೊಂದು ತಿಂದಳು. ಅಯ್ಯೋ ಶಿವನೇ, ಇದು ನಿಜವಾಗಿಯೂ ನೀರು! ಬಣ್ಣ ಹಚ್ಚಿದ ನೀರು! ಯಾವಾಗಿನಿಂದ ಹೀಗಿದೆ? ದಿನಾ ತಿನ್ನುತ್ತಿದ್ದವಳಿಗೆ ಗೊತ್ತೇ ಆಗಿರಲಿಲ್ಲ. ಓಡಿಹೋಗಿ ಮಾವನಿಗೆ ಹೇಳಿದಳು.

"ನನ್ನ ಬಾಯಿಗೂ ನೀರೇ ಮಾವ! ತಪ್ಪು ಹಲ್ಲಿಂದಲ್ಲ, ಟೊಮೇಟೊದ್ದು!"

"ಅಂಗಡಿ ಹಣ್ಣು ಅಂದ್ಮೇಲೆ ನೀರಲ್ದೆ ಜೇನಾ?" ಎಂದರು ಮಾವ, ಗೋಡೆ ಕಡೆ ಮುಖ ಮಾಡಿ. "ನಾನು ಗುಡ್ಡಗುಡ್ಡ ಮಾರಿದ್ದೀನಮ್ಮ. ಲಾರಿಯಿಂದ ಬಿದ್ರೆ ಒಡೆಯುತ್ತಾ ಅಂತ ಕೇಳೋರು. ಎಷ್ಟು ದಿನ ತಡೆಯುತ್ತೆ ಅಂತ ಕೇಳೋರು. ರುಚಿ ಹೆಂಗೆ ಅಂತ ಒಬ್ಬ, ಒಬ್ಬನೇ ಒಬ್ಬ ಕೇಳಿದ್ದು ನೆನಪಿಲ್ಲ. ಬ್ರೆಡ್ಡಿಗೇನಂತೀಯ? ಮೊಟ್ಟೆಗೆ?"

ಹಲ್ಲಕ್ಕನ ತಲೆಯಲ್ಲಿ ಹುಳ ಹೊಕ್ಕಿತು. ಎಂಥ ಬಾಯಿಯೂ 'ನೀರು' ಅನ್ನಲಾಗದಂಥ ಒಂದು ಟೊಮೇಟೊ ಲೋಕದಲ್ಲಿ ಇರಲೇಬೇಕು. ಅದನ್ನು ಮನೆಯಲ್ಲೇ ಬೆಳೆಯಬೇಕು. ಈ ಹಲ್ಲು ಹಾಕಿಕೊಂಡು ಮಾವ ಅದನ್ನು ತಿನ್ನಬೇಕು. ರುಚಿ ಸಿಕ್ಕಿತೋ, ಇವಳು ಗೆದ್ದಳು, ಮಾವ ಉಳಿದರು. ಸಿಗಲಿಲ್ಲವೋ, ಕಸುಬಿಗೆ ಕೈ ಮುಗಿಯುವುದೇ.

ಬೀಜದಂಗಡಿ ಹಳೇ ಸೇತುವೆಯ ಕೆಳಗೆ, ಬೀಗ ರಿಪೇರಿಯವನ ಪಕ್ಕದಲ್ಲಿತ್ತು. ಗೋಡೆ ತುಂಬ ಚಿತ್ರದ ಪೊಟ್ಟಣಗಳು. ನಡುವೆ ಕೂತಿದ್ದ ಬೀಜದಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಬಲವಂತದಿಂದ ಮಾವನನ್ನೂ ಹೊರಡಿಸಿಕೊಂಡು ಬಂದಿದ್ದ ಹಲ್ಲಕ್ಕ, "ಟೊಮೇಟೊ ಬೀಜ ಕೊಡಿ," ಅಂದಳು.

"ಯಾವುದು?"

"ಒಳ್ಳೇದು."

"ಒಳ್ಳೇದಂತೆ! ಒಳ್ಳೇದು ಯಾತಕ್ಕೆ? ನೋಡೋಕಾ, ಅಡುಗೆಗಾ, ಇಟ್ಕೊಳ್ಳೋಕಾ, ತಿನ್ನೋಕಾ?"

"ತಿನ್ನೋಕೆ. ರುಚಿ ಇರಬೇಕು, ಅಷ್ಟೇ."

ಬೀಜದಮ್ಮ ಕನ್ನಡಕ ಏರಿಸಿ ಇವಳನ್ನು ನೋಡಿದಳು. ಕೋಪ ಸ್ವಲ್ಪ ಇಳಿದಂತಿತ್ತು. ಒಂದೊಂದೇ ಪೊಟ್ಟಣ ತೆಗೆದು ಹಲಗೆಯ ಮೇಲೆ ಇಡುತ್ತಾ ಹೋದಳು. ಗೋಲಿಯಷ್ಟು ಪುಟ್ಟ ಕೆಂಪು ಹಣ್ಣು: ಇದು ಯಾವತ್ತೂ ಕೈ ಬಿಡಲ್ಲ, ಸಿಹಿ ಗ್ಯಾರಂಟಿ. ಹಳದಿ: ಹುಳಿ ಕಮ್ಮಿ, ಸಾಧು ಸ್ವಭಾವ. ಉದ್ದನೆಯದು: ತಿರುಳು ಜಾಸ್ತಿ, ಬೇಯಿಸಿದ್ರೇ ಅದರ ಗುಣ ಗೊತ್ತಾಗೋದು. ಪಟ್ಟೆ ಇರೋ ಹಸಿರು, ಹಣ್ಣಾದ್ರೂ ಹಸಿರೇ. ಕೆನೆ ಬಣ್ಣ, ಕಿತ್ತಳೆ, ಹೃದಯದಾಕಾರ, ಮೆಣಸಿನಕಾಯಿಯಾಕಾರ. ಹಲ್ಲಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು. ಟೊಮೇಟೊ ಅಂದರೆ ಟೊಮೇಟೊ ಅಂದುಕೊಂಡಿದ್ದವಳ ಎದುರು ಇಷ್ಟು ದೊಡ್ಡ ಮನೆತನ ಸಾಲಾಗಿ ನಿಂತಿತ್ತು, ಒಂದರ ಮೂಗು ಇನ್ನೊಂದಕ್ಕಿಲ್ಲ. ಒಂದು ಪೊಟ್ಟಣ ಬಿಡಿಸಿ ಬೀಜವನ್ನು ಅಂಗೈಗೆ ಹಾಕಿಕೊಂಡಳು. ಉಸಿರು ಬಿಟ್ಟರೆ ಹಾರುವಂಥ, ಸಣ್ಣ ಕೂದಲಿದ್ದ ಚಪ್ಪಟೆ ಚೂರುಗಳು. ಇದರಲ್ಲಿ ಸಾಧು ಯಾವುದು, ಜಗಳಗಂಟಿ ಯಾವುದು ಎಂದು ಯಾರು ಬರೆದಿಟ್ಟರಪ್ಪ ಅನ್ನಿಸಿ ಮೈ ಜುಮ್ಮೆಂದಿತು.

ಇಷ್ಟೆಲ್ಲ ಬೆರಗುಪಟ್ಟೂ ಆರಿಸುವಾಗ ಹಲ್ಲಕ್ಕ ಹಲ್ಲಕ್ಕನೇ. ಗುಂಡಗೆ, ನುಣ್ಣಗೆ, ಒಂದೇ ಅಳತೆ, ಒಂದೇ ಬಣ್ಣ, ಸೀಳು ಬಿಡುವುದಿಲ್ಲ ಎಂದಿದ್ದ ಪೊಟ್ಟಣವನ್ನೇ ಎತ್ತಿಕೊಂಡಳು. ಅವಳ ಕಸುಬಿನಲ್ಲಿ ಒಂದು ಸೀಳು ಅಂದರೆ ಇಡೀ ಸೆಟ್ಟು ಕಸದ ಬುಟ್ಟಿಗೆ.

"ಹಣ್ಣು ಆರಿಸ್ತಿದ್ದೀಯೋ, ಹಲ್ಲು ಆರಿಸ್ತಿದ್ದೀಯೋ?" ಎಂದು ಮಾವ ಹಿಂದಿನಿಂದ ಕೇಳಿದರು. ಹಲಗೆಯ ಮೂಲೆಗೆ ಬೆರಳು ತೋರಿಸಿದರು. "ನನಗೆ ಇದು."

ಆ ಚಿತ್ರ ನೋಡಿ ಹಲ್ಲಕ್ಕನಿಗೆ ಕಸಿವಿಸಿಯಾಯಿತು. ಕಂದು, ನೇರಳೆ, ಕೆಂಪು ಮೂರೂ ಕಲಸಿದ ಬಣ್ಣ. ಮೈಯೆಲ್ಲ ಉಬ್ಬುತಗ್ಗು, ಮೇಲೆ ತೊಟ್ಟಿನ ಸುತ್ತ ಹಸಿರು ಹಾಗೇ ಉಳಿದಿದೆ, ತಳದಲ್ಲಿ ಗಾಯದ ಗುರುತು.

"ಇದ್ಯಾಕೆ ಮಾವ, ಇಷ್ಟು ಸೊಟ್ಟ?"

"ಇಂಥದ್ದು ಮಂಡಿಗೆ ಬಂದಿದ್ದೇ ಇಲ್ಲ. ಬಂದ್ರೂ ಬುಟ್ಟಿಯಲ್ಲೇ ಒಡೆದು ಹೋಗೋದು, ದನಕ್ಕೆ ಹಾಕೋರು. ನಾನು ಮಾರಿದ್ದೆಲ್ಲ ನೀರು ಅಂದ್ಮೇಲೆ, ಮಾರದೇ ಇದ್ದಿದ್ದನ್ನ ನೋಡೋಣ. ಅಲ್ದೆ ನನ್ನ ಬೊಚ್ಚುಬಾಯಿಗೆ ತಕ್ಕ ಜೋಡಿ!"

ಬೀಜದಮ್ಮ ಮೊದಲ ಸಲ ನಕ್ಕಳು. "ಹೆಗಲು ಹಸಿರಿರೋದು ಒಳ್ಳೇ ಲಕ್ಷಣ ಯಜಮಾನ್ರೇ. ಆದ್ರೆ ಇದು ಹಟಮಾರಿ. ಕಾಯೋದೂ ಕಮ್ಮಿ, ಕಾಯಿಸೋದು ಜಾಸ್ತಿ. ಬಣ್ಣ ತಿರುಗಿದ ಮೇಲೆ ನೀರು ಕಮ್ಮಿ ಹಾಕ್ಬೇಕು. ಹಣ್ಣನ್ನ ಫ್ರಿಜ್ಜಲ್ಲಿಟ್ರೆ ಮಾತ್ರ ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ."

ಬಾಲ್ಕನಿಯಲ್ಲಿ ಕುಂಡಗಳು ಸಾಲುಗಟ್ಟಿದವು, ನುಣುಪಿನದು ಇವಳದು, ಸೊಟ್ಟದ್ದು ಮಾವನದು. ಮೊಳಕೆ ಬಂದ ಬೆಳಿಗ್ಗೆ ಹಲ್ಲಕ್ಕ ಕೆಲಸಕ್ಕೆ ತಡವಾಗಿ ಹೋದಳು. ಮಣ್ಣಿನಿಂದ ಬೆನ್ನು ಬಗ್ಗಿಸಿ ಮೇಲೆದ್ದ ಸಣ್ಣ ದಂಟು, ತಲೆಯ ಮೇಲೆ ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತುಕೊಂಡೇ ನಿಂತಿತ್ತು. ಗಿಡ ಬೆಳೆದಂತೆ, ಎಲೆ ಮುಟ್ಟಿದರೆ ಸಾಕು, ಬೆರಳಿಗೆ ಹಸಿರು ಘಾಟು ಅಂಟಿಕೊಳ್ಳುತ್ತಿತ್ತು. ವರ್ಷಗಟ್ಟಲೆ ಒಸಡು ಕಟ್ಟುವ ದ್ರಾವಣದ ವಾಸನೆ ಬಿಟ್ಟು ಬೇರೆ ಕಾಣದ ಕೈ ಅದು. ಕೆಲಸದ ನಡುವೆ ಬೆರಳು ಮೂಸಿಕೊಂಡು ಒಬ್ಬಳೇ ನಗುತ್ತಿದ್ದಳು.

ಹೂವೂ ಬಂತು. ಬಂದ ಹೂವೆಲ್ಲ ಉದುರಿತು. ಹಲ್ಲಕ್ಕ ಬೀಜದಂಗಡಿಗೆ ಜಗಳಕ್ಕೇ ಹೋದಳು.

"ನಿಮ್ಮ ಬೀಜ ಮೋಸ!"

"ಬೀಜ ಹೂ ಕೊಡ್ತು ತಾನೇ? ಅಲ್ಲಿಗೆ ಅದರ ಕೆಲಸ ಮುಗೀತು. ಗಾಳಿ ಆಡುತ್ತಾ ಅಲ್ಲಿ? ದುಂಬಿ ಬರುತ್ತಾ?"

"ಮೂರೂ ಕಡೆ ಗೋಡೆ. ದುಂಬಿ ಎಲ್ಲಿಂದ ಬರಬೇಕು?"

"ಮತ್ತೆ? ಹೂವು ನಡುಗದೆ ಧೂಳು ಉದುರಲ್ಲ, ಧೂಳು ಉದುರದೆ ಕಾಯಿ ಕಟ್ಟಲ್ಲ. ದುಂಬಿ ಬಂದು ಜೋತು ಬಿದ್ದು ಗುಂಯ್ ಅಂತ ನಡುಗಿಸುತ್ತೆ. ಅದು ಬರದಿದ್ರೆ ನೀವೇ ದುಂಬಿ ಆಗಿ."

ಗುಂಯ್ ಅನ್ನುವ ಯಂತ್ರಗಳಿಗೆ ಹಲ್ಲಕ್ಕನ ಕೆಲಸದ ಕೋಣೆಯಲ್ಲಿ ಬರವೇ! ಹಲ್ಲು ತೀಡುವ ಹಳೆಯದೊಂದು ಕೈಯಂತ್ರವನ್ನು ಮನೆಗೆ ತಂದಳು. ಬೆಳಿಗ್ಗೆ ಬಿಸಿಲು ಏರಿದ ಮೇಲೆ, ತುದಿಯ ಚಕ್ರ ಕಳಚಿ, ಅದರ ಬೆನ್ನನ್ನು ಹೂಗೊಂಚಲಿನ ತೊಟ್ಟಿಗೆ ಮೆಲ್ಲಗೆ ತಾಗಿಸಿ ಗುಂಡಿ ಒತ್ತಿದಳು. ಮಾವ ಕುರ್ಚಿಯಿಂದ ಕತ್ತು ಚಾಚಿದರು. ಕೆಳಮುಖವಾಗಿ ಜೋತಿದ್ದ ಹಳದಿ ಹೂವು ನಡುಗಿತು, ಅದರ ಮೂತಿಯಿಂದ ತಿಳಿ ಹಳದಿ ಧೂಳು ಬಿಸಿಲಿನಲ್ಲಿ ಸುರಿಯಿತು. ಕ್ಷಣ ಹೊತ್ತು ಗಾಳಿಯಲ್ಲೇ ನಿಂತಿತ್ತು. ಹಲ್ಲು ಅರೆಯುವ ಯಂತ್ರದ ಸದ್ದಿಗೆ ಒಂದು ಹೂವು ಬಾಗಿಲು ತೆರೆಯಿತಲ್ಲ! ಹಲ್ಲಕ್ಕನಿಗೆ ಅಳು ಬರುವಂತಾಯಿತು, ಯಾಕೆಂದು ತಿಳಿಯಲಿಲ್ಲ.

"ಇನ್ನೊಂದಕ್ಕೆ ಹಿಡಿ," ಅಂದರು ಮಾವ, ಪಿಸುಮಾತಿನಲ್ಲಿ.

ಮೊದಲು ಹಣ್ಣಾದದ್ದು ಇವಳ ನುಣುಪಿನವು. ನೋಡಬೇಕಿತ್ತು ಚೆಂದ! ಗೊಂಚಲು ಗೊಂಚಲಾಗಿ, ಪಕ್ಕದವನನ್ನು ನೋಡಿ ಪಕ್ಕದವನು ನಿಂತಂತೆ, ಒಂದೂ ಸೀಳಿಲ್ಲ. ಹಲ್ಲಕ್ಕ ಹೆಮ್ಮೆಯಿಂದ ಕುಯ್ದು ಮಾವನಿಗೆ ಹಲ್ಲು ಹಾಕಿಸಿ ಕೊಟ್ಟಳು.

"ಮಂಡಿ ಮಾಲು," ಅಂದರು ಮಾವ. "ನೀರು."

ಇವಳೂ ತಿಂದು ನೋಡಿದಳು. ಅಂಗಡಿಯದಕ್ಕಿಂತ ಒಂದು ಗುಲಗಂಜಿ ಮೇಲು, ಅಷ್ಟೇ. ಅಂದದ ಮೋರೆಗೆ ಮರುಳಾಗಿ, ರುಚಿ ಬೇಕೆಂದು ಹೋದವಳು ರುಚಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಆರಿಸಿಕೊಂಡು ಬಂದಿದ್ದಳು. ಮಾಡಿದ್ದುಣ್ಣೋ ಮಹರಾಯ ಎಂದು ತನಗೆ ತಾನೇ ಹೇಳಿಕೊಂಡಳು. ಮಾವ ಮತ್ತೆ ಗೋಡೆ ಕಡೆ ತಿರುಗಿ ಮಲಗಿದರು. ಆ ವಾರ ಗಂಜಿಯೂ ಒಳಗೆ ಹೋಗಲಿಲ್ಲ.

ಸೊಟ್ಟ ಗಿಡ ಬಿಟ್ಟದ್ದು ಕೆಲವೇ ಕಾಯಿ. ಎರಡು ದೊಡ್ಡವು, ಒಂದೇ ತೊಟ್ಟಿನಿಂದ ಕವಲೊಡೆದವು, ಕೊನೆಗೂ ಬಣ್ಣ ತಿರುಗಿದವು. ಒಂದು ಬೆಳಿಗ್ಗೆ ನೋಡಿದರೆ ಅದರಲ್ಲಿ ಒಂದು ಹೆಗಲಿನ ಹತ್ತಿರ ಬಿರಿದಿತ್ತು. ಸೀಳು ಕಂಡ ಕೈ ಅಭ್ಯಾಸಬಲದಿಂದ ಅದನ್ನು ಕಿತ್ತಿತು, ಎಸೆಯುವುದಕ್ಕೆ. ಸೀಳಿನಿಂದ ರಸ ಇಳಿದು ಮಣಿಕಟ್ಟಿಗೆ ಬಂತು. ಹಲ್ಲಕ್ಕ ಅದನ್ನು ನೆಕ್ಕಿದಳು. ಆಮೇಲೆ ಅಲ್ಲೇ ನಿಂತು ಹಣ್ಣನ್ನು ಕಚ್ಚಿದಳು.

ಮೊದಲು ಉಪ್ಪು ಅನ್ನಿಸಿತು, ಉಪ್ಪು ಹಾಕಿಯೇ ಇರಲಿಲ್ಲ. ಹಿಂದೆಯೇ ಹುಳಿ ಬಂದು ದವಡೆಯ ಮೂಲೆಯಲ್ಲಿ ಚುಳ್ ಎಂದಿತು. ಹುಳಿ ಇಳಿಯುವ ಮೊದಲೇ ಸಿಹಿ ತುಂಬಿಕೊಂಡಿತು, ಸಕ್ಕರೆಯಂಥ ಪೆದ್ದು ಸಿಹಿಯಲ್ಲ, ಹುಳಿಯ ಕೈ ಹಿಡಿದುಕೊಂಡೇ ಬಂದ ಸಿಹಿ. ನುಂಗಿದ ಮೇಲೆ, ಎಲ್ಲ ಮುಗಿಯಿತು ಅಂದುಕೊಂಡಾಗ, ಗಂಟಲ ಹಿಂದಿನಿಂದ ಮೂಗಿಗೆ ಪರಿಮಳ ಎದ್ದಿತು: ಬಿಸಿಲಿಗೆ ಕಾದ ಎಲೆ, ಚೂರು ಹೊಗೆ, ನೆನೆದ ಮಣ್ಣು, ಇನ್ನೂ ಏನೇನೋ, ಅವಕ್ಕೆಲ್ಲ ಅವಳಲ್ಲಿ ಹೆಸರಿರಲಿಲ್ಲ. ಅಬ್ಬಾ! ಎಂದಳು, ಯಾರೂ ಇಲ್ಲದ ಬಾಲ್ಕನಿಯಲ್ಲಿ. ಮನುಷ್ಯರ ಬಾಯೊಳಗಿನದನ್ನೆಲ್ಲ ಅವಳು ಮಾಡಬಲ್ಲಳು, ಒಸಡಿನ ಸಣ್ಣ ನರವನ್ನೂ ಬಣ್ಣದಲ್ಲಿ ಎಳೆಯಬಲ್ಲಳು. ಈ ಒಂದು ತುತ್ತನ್ನು ಯಾರು ಮಾಡಿಯಾರು? ಇದರ ಅಚ್ಚು ಎಲ್ಲಿದೆ? ಒಂದು ಕುಂಡ ಮಣ್ಣು, ಕೊಳಾಯಿ ನೀರು, ಗೋಡೆ ಸಂದಿಯ ಬಿಸಿಲು. ಇದಕ್ಕೆ ತಾನು ಹಾಕಿದ್ದು ಅಷ್ಟೇ. ಮಿಕ್ಕದ್ದನ್ನೆಲ್ಲ ಆ ಸೊಟ್ಟ ಗಿಡ ಎಲ್ಲಿಂದ ತಂದಿತು? ಗಿಡದ ಮುಂದೆ ಮಂಡಿಯೂರಿ ಕೂತುಬಿಟ್ಟಳು. ಇಷ್ಟು ವಯಸ್ಸಾಗುವವರೆಗೆ ತಾನು ಟೊಮೇಟೊ ತಿಂದೇ ಇರಲಿಲ್ಲ ಎಂದು ಅವಳಿಗೆ ಅರ್ಥವಾಯಿತು.

ಅದರ ಬೆನ್ನಿಗೇ ಗಿಡದತ್ತ ನೋಡಿದಳು. ಉಳಿದಿದ್ದು ಒಂದು ಹಣ್ಣು. ಇದನ್ನೂ ತಿಂದು ಮಾವ ನೀರು ಅಂದರೆ, ಇನ್ನು ಟೊಮೇಟೊ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಆಗ ಹಲ್ಲಿನದೇ. ಇವಳ ಕೈಯದೇ. ಹಕ್ಕಿ ತಿಂದುಕೊಂಡು ಹೋಯಿತು ಅಂದುಬಿಟ್ಟರೆ? ಯಾರು ನೋಡುತ್ತಾರೆ? ಹಣ್ಣನ್ನು ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲ ಬಳಿ ಬಹಳ ಹೊತ್ತು ನಿಂತಳು. ಒಳಗೆ ಮಾವ ಕೆಮ್ಮಿದರು. ಆ ಕೆಮ್ಮು ಎಷ್ಟು ಸಣ್ಣಗಿತ್ತೆಂದರೆ ಹಲ್ಲಕ್ಕನಿಗೆ ತನ್ನ ಮೇಲೇ ನಾಚಿಕೆಯಾಯಿತು. ಸೆಟ್ಟನ್ನು ತೊಳೆದು ಅವರ ಕೈಗೆ ಕೊಟ್ಟಳು. ಹಣ್ಣನ್ನು ದಪ್ಪಗೆ ಹೆಚ್ಚಿ ತಟ್ಟೆಯಲ್ಲಿಟ್ಟಳು.

"ಇದೊಂದು ತಿನ್ನಿ ಮಾವ. ನೀವೇ ಆರಿಸಿದ್ದು. ಆಮೇಲೆ ನಾನು ಏನೂ ಕೇಳಲ್ಲ."

ಮಾವ ಬೇಸರದಿಂದಲೇ ಹಲ್ಲು ಹಾಕಿಕೊಂಡರು. ಹೋಳನ್ನು ಬಾಯಿಗಿಟ್ಟರು. ಅಗಿದರು. ದವಡೆ ನಿಂತಿತು. ಹಲ್ಲಕ್ಕ ಹತ್ತಿರಕ್ಕೆ ಬಗ್ಗಿದಳು.

"ನೀರಾ ಮಾವ?"

ಮಾವ ಮಾತಾಡಬೇಡ ಎಂದು ಕೈ ಎತ್ತಿದರು. ಕಣ್ಣು ಮುಚ್ಚಿತ್ತು. ಮೆಲ್ಲಗೆ ಮತ್ತೆ ಅಗಿಯತೊಡಗಿದರು, ನುಂಗಿದರು, ಎರಡನೆಯ ಹೋಳಿಗೆ ತಡಕಾಡಿದರು, ಕಣ್ಣು ತೆರೆಯದೆಯೇ. ಮೂರನೆಯದಕ್ಕೆ ಅವರ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಗದ್ದದಲ್ಲಿ ರಸ, ಕೆನ್ನೆಯಲ್ಲಿ ಕಣ್ಣೀರು, ಎರಡನ್ನೂ ಒರೆಸಿಕೊಳ್ಳಲಿಲ್ಲ.

"ಬದುಕಿದೆ ಕಣಮ್ಮ," ಅಂದರು. "ನನ್ನ ಬಾಯಿ ಇನ್ನೂ ಬದುಕಿದೆ."

"ಮಾವ?"

"ನಮ್ಮಣ್ಣ ಸಾಯೋ ಮುಂಚೆ ಅವನಿಗೆ ಮೊದಲು ಹೋಗಿದ್ದೇ ರುಚಿ. ಎಲ್ಲಾ ನೀರು, ಎಲ್ಲಾ ಹತ್ತಿ ಅನ್ನೋನು. ಆಮೇಲೆ ಒಂದೊಂದೇ ಹೋಯ್ತು. ನನಗೂ ಶುರುವಾಯ್ತು ಅಂದ್ಕೊಂಡೆ. ನಿನ್ನ ಹಲ್ಲು ಬರೋಕ್ಕಿಂತ ಮುಂಚೇನೇ ರುಚಿ ಮಂಕಾಗಿತ್ತಮ್ಮ. ಯಾರ ಹತ್ರ ಹೇಳ್ಲಿ? ಹೇಳಿದ್ರೆ ನಿಜ ಆಗಿಬಿಡುತ್ತಲ್ಲ. ಹಲ್ಲು ಬಂತು, ತಪ್ಪನ್ನ ಅದರ ಮೇಲೆ ಹಾಕ್ದೆ. ಪಾಪ, ಅದು ಎದುರು ಮಾತಾಡಲ್ಲ."

ಹಲ್ಲಕ್ಕನಿಗೆ ನಗು ಬಂತು, ಅಳು ಬಂತು, ಎರಡಕ್ಕಿಂತ ಮೊದಲು ಸಿಟ್ಟು ಬಂತು.

"ನನ್ನ ಹೊಟ್ಟೆ ಎಷ್ಟು ಉರಿಸಿದ್ರಿ ಗೊತ್ತಾ! ಊರವರಿಗೆಲ್ಲ ವಿಷ ಹಾಕಿದ ಹಾಗೆ ಒದ್ದಾಡಿದ್ದೀನಿ ನಾನು! ಭಯ ಆಗಿದ್ರೆ ಭಯ ಅನ್ನಬೇಕಿತ್ತು!"

"ಹ್ಞೂಂ. ಅನ್ನಬೇಕಿತ್ತು," ಎಂದರು ಮಾವ, ಮಕ್ಕಳ ಹಾಗೆ. ತಟ್ಟೆಯಲ್ಲಿ ಉಳಿದಿದ್ದ ರಸವನ್ನು ಬೆರಳಿನಲ್ಲಿ ಬಳಿದು ಬಾಯಿಗಿಟ್ಟುಕೊಂಡರು. "ಇಷ್ಟೆಲ್ಲಾ ಇತ್ತೇನಮ್ಮ ಇದರೊಳಗೆ? ಆಯುಷ್ಯ ಪೂರ್ತಿ ಇದರ ಹೆಸರು ಕೂಗಿದೆ, ಇದ್ಯಾರು ಅಂತಾನೇ ಗೊತ್ತಿರಲಿಲ್ಲ."

ಇಬ್ಬರೂ ಬಾಲ್ಕನಿಗೆ ಹೋದರು. ಗಿಡದಲ್ಲಿ ಉಳಿದವೆಲ್ಲ ಹಸಿರು. ಗೋಡೆ ಕಡೆ ಒಂದು ಕಾಯಿ ಮಾತ್ರ ತಳದಲ್ಲಿ ಕಂಡೂ ಕಾಣದಷ್ಟು ಬಣ್ಣ ಹಿಡಿಯುತ್ತಿತ್ತು. ಮಾವ ಬಗ್ಗಿ, ಅಂಗೈಯನ್ನು ಅದರ ಕೆಳಗೆ ಹಿಡಿದರು, ಮುಟ್ಟದೆ.

"ಇದು ಯಾವಾಗ ಹಣ್ಣಾಗುತ್ತೆ?"

"ಹಟಮಾರಿ ಮಾವ ಇದು. ಇನ್ನೂ ಬಹಳ ದಿನ ಬೇಕು."

"ಬೇಕಾದಷ್ಟು ತಗೊಳ್ಳಲಿ," ಎಂದರು ಮಾವ. "ಇರ್ತೀನಿ."